ಉಗ್ರಾಣದ ಬಾಗಿಲಿಗೆ ಹೋದವರಿಗೆ ಮಾತ್ರ ಪಾಲು

(ಬಾಣಾವರದಲ್ಲಿ ನೀಡಲಾದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಸಂಗಾತಿಗಳ ಮೇಲೆ ಶಾಂತಿ ಹಾಗೂ ಅನುಗ್ರಹಗಳಿರಲಿ.



ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಮೊಹಲ್ಲಾದಲ್ಲಿ ಸಂತೋಷವಿರುತ್ತದೆ. ಮಿಠಾಯಿ ಹಂಚುತ್ತೇವೆ. ಎರಡು ತಿಂಗಳ ನಂತರ ಅದೇ ಮನೆಗಳಲ್ಲಿ ಮೌನ. ಹಾಸನದಲ್ಲೋ ತುಮಕೂರಿನಲ್ಲೋ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಫೀಸಿಗೆ ದುಡ್ಡಿಲ್ಲ. ಹುಡುಗ ಗ್ಯಾರೇಜಿಗೆ ಹೋಗುತ್ತಾನೆ, ಇಲ್ಲವೇ ಬೆಂಗಳೂರಿನ ರೈಲು ಹತ್ತುತ್ತಾನೆ. ಹುಡುಗಿಗೆ ಗಂಡು ನೋಡಲು ಶುರುಮಾಡುತ್ತಾರೆ. ಕೇಳಿದರೆ "ನಸೀಬಿನಲ್ಲಿ ಇರಲಿಲ್ಲ" ಎನ್ನುತ್ತೇವೆ. ನಸೀಬಿನ ಮಾತು ಹೇಳುವ ಮೊದಲು, ನಮ್ಮ ಕೈಯಲ್ಲಿದ್ದ ಕೆಲಸವನ್ನು ನಾವು ಮಾಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಇಂದಿನ ಮಾತು ಅದರ ಬಗ್ಗೆಯೇ.

ಕುರ್‌ಆನಿನ ಸೂರಃ ಯೂಸುಫ್ ನಮಗೆಲ್ಲ ಗೊತ್ತು. ಹಝ್ರತ್ ಯೂಸುಫ್(ಅ) ಈಜಿಪ್ಟಿನ ಉಗ್ರಾಣಗಳ ಹೊಣೆಯನ್ನು ತಾವಾಗಿಯೇ ಕೇಳಿ ಪಡೆದರು. ತಾನು ಕಾಪಾಡಬಲ್ಲೆ, ಲೆಕ್ಕ ಬಲ್ಲೆ ಎಂದು ರಾಜನಿಗೆ ತಿಳಿಸಿದರು. ಸಮೃದ್ಧಿಯ ವರ್ಷಗಳಲ್ಲಿ ಧಾನ್ಯ ಕೂಡಿಟ್ಟು, ಬರ ಬಂದಾಗ ಅಳೆದು ಕೊಟ್ಟರು. ಆ ಬರದಲ್ಲಿ ಹಝ್ರತ್ ಯಾಕೂಬ್(ಅ) ತಮ್ಮ ಮಕ್ಕಳನ್ನು ಆ ಉಗ್ರಾಣಕ್ಕೇ ಕಳುಹಿಸಿದರು. ಒಬ್ಬ ಪ್ರವಾದಿಗೆ ಅದು ಅವಮಾನವೆನಿಸಲಿಲ್ಲ. ಇನ್ನೊಂದು ವಿಷಯ ಗಮನಿಸಿ. ಮನೆಯಲ್ಲೇ ಉಳಿದ ತಮ್ಮನನ್ನು ಕರೆದುಕೊಂಡು ಹೋದರೆ ಒಂದು ಒಂಟೆಯ ಹೊರೆ ಹೆಚ್ಚು ಸಿಗುತ್ತದೆಂದು ಅಣ್ಣಂದಿರು ತಂದೆಗೆ ಹೇಳುತ್ತಾರೆ. ಅಂದರೆ ಅಳತೆ ತಲೆಗೆ ಇಷ್ಟು ಎಂದಿತ್ತು. ಬಾಗಿಲಿಗೆ ಬಂದು ನಿಂತವನಿಗೆ ಪಾಲು, ಬಾರದವನಿಗೆ ಇಲ್ಲ.

ಇಂದಿನ ಸರಕಾರದ ವಿದ್ಯಾರ್ಥಿವೇತನವೂ ಹಾಗೆಯೇ. ಅದು ಭಿಕ್ಷೆಯಲ್ಲ. ನಾವು ಕೊಳ್ಳುವ ಬೆಂಕಿಪೊಟ್ಟಣದ ಮೇಲೂ ತೆರಿಗೆ ಕಟ್ಟುತ್ತೇವೆ. ಆ ಬೊಕ್ಕಸದಿಂದಲೇ ಅದು ಬರುತ್ತದೆ. ನಮ್ಮ ನಾಡಿಗೆ ಇದು ಹೊಸತೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಹಿಂದುಳಿದವರೆಂದು ಅದು ಗುರುತಿಸಿದವರಲ್ಲಿ ಮುಸಲ್ಮಾನರೂ ಇದ್ದರು. 2006ರಲ್ಲಿ ಸಾಚಾರ್ ಸಮಿತಿಯ ವರದಿ ದೇಶದ ಮುಸಲ್ಮಾನರ ಶಿಕ್ಷಣದ ಸ್ಥಿತಿಯನ್ನು ಅಂಕಿಅಂಶಗಳೊಂದಿಗೆ ಮುಂದಿಟ್ಟಿತು. ನೂರು ವರ್ಷಗಳಿಂದ ಬಾಗಿಲು ಪೂರ್ತಿಯಾಗಿ ಮುಚ್ಚಿಲ್ಲ. ಒಮ್ಮೆ ಅಗಲವಾಗಿ, ಒಮ್ಮೆ ಕಿರಿದಾಗಿ ತೆರೆದಿದೆ.

ಕಿರಿದಾಗಿರುವುದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. 1ರಿಂದ 8ನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಕೊಡುತ್ತಿದ್ದ ವಿದ್ಯಾರ್ಥಿವೇತನ 2022ರಲ್ಲಿ ನಿಂತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ನಿಂತಿತು. 2023ರ ಮಾರ್ಚ್‌ನಲ್ಲಿ ನಮ್ಮ 2ಬಿ ಮೀಸಲಾತಿಯ ಶೇಕಡಾ 4ನ್ನು ತೆಗೆಯುವ ಆದೇಶ ಬಂತು. ನೋವಿನ ಸಂಗತಿಗಳೇ. ಆದರೆ ಈ ಸುದ್ದಿಗಳ ನಂತರ ಮನೆಮನೆಗೆ ಹರಡಿದ ಮಾತು ಯಾವುದು? "ಎಲ್ಲ ನಿಂತುಹೋಯಿತಂತೆ, ಅರ್ಜಿ ಹಾಕಿ ಪ್ರಯೋಜನವಿಲ್ಲವಂತೆ." ಇದು ಸುಳ್ಳು. 2ಬಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆ ಆದೇಶ ಜಾರಿಯಾಗಲಿಲ್ಲ. ತಂದ ಸುದ್ದಿಯನ್ನು ವಿಚಾರಿಸಿ ನೋಡಬೇಕೆಂದು ಕುರ್‌ಆನ್ ಸೂರಃ ಹುಜುರಾತ್‌ನಲ್ಲಿ ಆದೇಶಿಸಿದೆ. ವಾಟ್ಸಾಪ್‌ನಲ್ಲಿ ಬಂದ ಒಂದು ಮಾತಿಗೆ ಮಗುವಿನ ಓದನ್ನು ನಿಲ್ಲಿಸುವವನು ಆ ಆದೇಶವನ್ನು ಮರೆತಿದ್ದಾನೆ.

ಈಗ ಇರುವುದೇನು ಎಂದು ನೋಡೋಣ. ಇಂಜಿನಿಯರಿಂಗ್, ಮೆಡಿಕಲ್‌ನಂತಹ ವೃತ್ತಿಪರ ಕೋರ್ಸಿಗೆ ಸಿಇಟಿ ಅಥವಾ ನೀಟ್ ಮೂಲಕ ಆಯ್ಕೆಯಾದ ಮಕ್ಕಳಿಗೆ 'ಅರಿವು' ಸಾಲವಿದೆ. ಇದನ್ನು ಕೊಡುವುದು 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ. ಖಾಸಗಿ ಕಾಲೇಜಾದರೂ ಸಿಗುತ್ತದೆ, ಹಣ ಕಾಲೇಜಿಗೇ ಹೋಗುತ್ತದೆ. ಆದರೆ ಸೀಟು ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್‌ನಲ್ಲಿ ಸಿಕ್ಕಿರಬೇಕು. ಏಜೆಂಟನ ಮಾತು ಕೇಳಿ ಮ್ಯಾನೇಜ್‌ಮೆಂಟ್ ಸೀಟಿಗೆ ಮುಂಗಡ ಕೊಟ್ಟು, ಆಮೇಲೆ ಅರಿವು ಕೇಳಲು ಹೋಗುವವರಿದ್ದಾರೆ. ಆಗ ದಾರಿಯಿಲ್ಲ.

ಇಂಜಿನಿಯರಿಂಗ್ ಮತ್ತು ಡಿಪ್ಲೊಮಾದಲ್ಲಿ ಎಸ್‌ಎನ್‌ಕ್ಯೂ ಎಂಬ ಸೀಟುಗಳಿವೆ. ಶೇಕಡಾ 5ರಷ್ಟು ಹೆಚ್ಚುವರಿ ಸೀಟು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿನವರಿಗೆ. ಬೋಧನಾ ಶುಲ್ಕ ಮಾಫಿ, ಉಳಿದ ಶುಲ್ಕ ಮಾತ್ರ ಕಟ್ಟಬೇಕು. ಇದಕ್ಕೆ ಜಾತಿ, ಧರ್ಮದ ಪ್ರಶ್ನೆಯೇ ಇಲ್ಲ. ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣ ಮಂಡಳಿಯ 'ಪ್ರಗತಿ' ವಿದ್ಯಾರ್ಥಿವೇತನವಿದೆ: ವರ್ಷಕ್ಕೆ 50 ಸಾವಿರ ರೂಪಾಯಿ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ, ಆದಾಯದ ಮಿತಿ ಇಲ್ಲೂ 8 ಲಕ್ಷ. ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡು ಓದುವವರಿಗೆ 'ವಿದ್ಯಾಸಿರಿ'ಯಲ್ಲಿ ಹತ್ತು ತಿಂಗಳು ಸಹಾಯಧನ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ನಿಯಮ, ಮಿತಿ, ಕೊನೆಯ ದಿನಾಂಕಗಳು ವರ್ಷ ವರ್ಷ ಬದಲಾಗುತ್ತವೆ. ಆದ್ದರಿಂದ ಹಾಸನದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಪ್ರತಿ ವರ್ಷ ಕೇಳಿ ತಿಳಿಯಬೇಕು. ಪಕ್ಕದ ಮನೆಯವರಿಗೆ ಹೋದ ವರ್ಷ ಏನಾಯಿತು ಎಂಬುದು ನಮಗೆ ನಿಯಮವಲ್ಲ.

ಸಹೋದರರೇ, ಕುರ್‌ಆನಿನ ಅತಿ ದೀರ್ಘ ವಚನ ಯಾವುದರ ಬಗ್ಗೆ ಇದೆ ಗೊತ್ತೇ? ನಮಾಝಿನ ಬಗ್ಗೆ ಅಲ್ಲ, ಹಜ್ಜಿನ ಬಗ್ಗೆಯೂ ಅಲ್ಲ. ಸೂರಃ ಬಕರಃದ 282ನೇ ವಚನ ಅದು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬರೆಯಲು ಬೇಸರಿಸಬಾರದು ಎಂದು ಅದು ಕಲಿಸುತ್ತದೆ. ಕಾಗದಪತ್ರವನ್ನು ಇಷ್ಟು ಗೌರವಿಸಿದ ಗ್ರಂಥ ನಮ್ಮದು. ಆದರೆ ನಮ್ಮ ಮನೆಗಳಲ್ಲಿ ಕಾಗದಪತ್ರ ಎಲ್ಲಿರುತ್ತದೆ? ಬೀರುವಿನ ಮೇಲೆ, ಹಾಸಿಗೆಯ ಕೆಳಗೆ. ಮಗನ ಹೆಸರು ಆಧಾರ್‌ನಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಒಂದರಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಬರೀ ಎಂ.ಡಿ. ಮಗಳ ಹೆಸರಿನಲ್ಲಿ ಒಂದು ಕಡೆ ಬಾನು, ಇನ್ನೊಂದು ಕಡೆ ಬಿ. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ.

ಆದ್ದರಿಂದ ಮಗು ಒಂಬತ್ತನೇ ತರಗತಿಯಲ್ಲಿದ್ದಾಗಲೇ ಹೆಸರು ಸರಿಪಡಿಸಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತೆಗೆಸಿ, ಅದರ ಆರ್‌ಡಿ ಸಂಖ್ಯೆ ಬರೆದಿಡಿ, ಅವಧಿ ಮುಗಿದಿದೆಯೇ ನೋಡಿ. ಸಿಇಟಿ ಅರ್ಜಿಯಲ್ಲೇ ಆ ಸಂಖ್ಯೆ ಕೇಳುತ್ತಾರೆ. ಅಲ್ಲಿ 2ಬಿ ಎಂದು ನಮೂದಿಸದೆ ಬಿಟ್ಟು ಆಮೇಲೆ ಕಚೇರಿಗೆ ಅಲೆದರೆ ಕಷ್ಟ. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಕೋಟಾ ಇದೆ. ಶಾಲೆಯಿಂದ ಆ ಪ್ರಮಾಣಪತ್ರಗಳನ್ನು ಮೊದಲೇ ತನ್ನಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಮಂಜೂರಾದ ಹಣವೂ ಇದೊಂದು ಕಾರಣಕ್ಕೆ ಬಾರದೆ ಉಳಿಯುತ್ತದೆ.

ಇನ್ನು ಬಹಳ ಮುಖ್ಯವಾದ ಮಾತು. ಆದಾಯವನ್ನು ಸುಳ್ಳಾಗಿ ಬರೆಸಬೇಡಿ. ನಮ್ಮ ವಿರುದ್ಧವೇ ಆದರೂ ಸತ್ಯಸಾಕ್ಷ್ಯ ಹೇಳಬೇಕೆಂದು ಸೂರಃ ನಿಸಾದಲ್ಲಿ ಅಲ್ಲಾಹನು ಆದೇಶಿಸಿದ್ದಾನೆ. ಎರಡು ಮಳಿಗೆಯ ಬಾಡಿಗೆ ಬರುವವನು, ಕೊಬ್ಬರಿ ವ್ಯಾಪಾರದಲ್ಲಿ ಚೆನ್ನಾಗಿ ದುಡಿಯುವವನು ಕೂಲಿಕಾರನ ಆದಾಯ ಬರೆಸಿ ವಿದ್ಯಾರ್ಥಿವೇತನ ತಂದರೆ, ಅವನು ಸರಕಾರಕ್ಕೆ ಮಾತ್ರ ಮೋಸ ಮಾಡಿದ್ದಲ್ಲ. ಹಣ್ಣಿನ ಗಾಡಿ ತಳ್ಳುವವನ ಮಗಳ ಪಾಲನ್ನು ತಿಂದಿದ್ದಾನೆ. ಅಂತಹ ಹಣದಿಂದ ಕಲಿತ ವಿದ್ಯೆಯಲ್ಲಿ ಬರಕತ್ ಎಲ್ಲಿಂದ ಬರಬೇಕು?

ಅರಿವು ಎಂಬುದು ದಾನವಲ್ಲ, ಸಾಲ ಎಂಬುದೂ ನೆನಪಿರಲಿ. "ಸರಕಾರದ ಸಾಲ ತಾನೇ, ಒಂದು ದಿನ ಮನ್ನಾ ಆಗುತ್ತದೆ" ಎನ್ನುವವರಿದ್ದಾರೆ. ಒಬ್ಬ ವ್ಯಕ್ತಿಯ ಜನಾಝ ತಂದಾಗ, ಮೃತನ ಮೇಲೆ ಸಾಲವಿದೆಯೇ ಎಂದು ಪ್ರವಾದಿ(ಸ) ವಿಚಾರಿಸಿದರು. ಇದೆ ಎಂದು ತಿಳಿದಾಗ, ತಾವು ನಮಾಝಿಗೆ ನಿಲ್ಲದೆ ಸಂಗಾತಿಗಳಿಗೆ ನಿರ್ವಹಿಸಲು ಹೇಳಿದರು. ಅಬೂ ಕತಾದಾ(ರ) ಆ ಸಾಲವನ್ನು ತಮ್ಮ ಮೇಲೆ ತೆಗೆದುಕೊಂಡ ಬಳಿಕವೇ ಪ್ರವಾದಿ(ಸ) ನಮಾಝ್ ನಿರ್ವಹಿಸಿದರು. ಕೆಲವೇ ದೀನಾರುಗಳ ಸಾಲವದು. ನಿಗಮಕ್ಕೆ ನಾವು ಹಿಂತಿರುಗಿಸುವ ಹಣ ಮುಂದಿನ ಮಗುವಿಗೆ ಹೋಗುತ್ತದೆ. ಕೆಲಸ ಸಿಕ್ಕಿದ ಮೇಲೂ ಕಟ್ಟದವನು ತನ್ನ ತಮ್ಮನ ಪುಸ್ತಕ ಕಸಿದುಕೊಂಡಂತೆ.

ಅರಿವು ಸಾಲಕ್ಕೆ ಶೇಕಡಾ 2 ಸೇವಾ ಶುಲ್ಕವಿದೆ. ಅದು ಕಚೇರಿಯ ವೆಚ್ಚವೋ ಬಡ್ಡಿಯೋ ಎಂದು ಕೆಲವರು ಕೇಳುತ್ತಾರೆ. ಹಲಾಲ್ ಹರಾಮಿನ ಚಿಂತೆ ಈಮಾನಿನ ಲಕ್ಷಣ. ನಿಮಗೆ ವಿಶ್ವಾಸವಿರುವ ಆಲಿಮರ ಬಳಿ ಕಾಗದಗಳನ್ನು ತೋರಿಸಿ ಕೇಳಿ. ಆದರೆ ಪ್ರಾಮಾಣಿಕವಾಗಿ ಕೇಳಿ. ಮದುವೆಯ ಮಂಟಪಕ್ಕೆ ಚಿನ್ನ ಅಡವಿಟ್ಟು ಬಡ್ಡಿ ಕಟ್ಟುವಾಗ ಬಾರದ ಸಂಶಯ ಮಗಳ ಓದಿನ ವಿಷಯದಲ್ಲಿ ಮಾತ್ರ ಬಂದರೆ, ಅದು ತಕ್ವಾ ಅಲ್ಲ.

ಕೊನೆಯದಾಗಿ ಜಮಾಅತಿನ ಹೊಣೆ. ಸರಕಾರದ ಹಣ ತಡವಾಗಿ ಬರುತ್ತದೆ, ಕಾಲೇಜು ಪ್ರವೇಶದ ದಿನವೇ ಫೀಸು ಕೇಳುತ್ತದೆ. ಸೀಟುಗಳು ಕೈತಪ್ಪುವುದು ಈ ನಡುವಿನ ಕೆಲವು ತಿಂಗಳುಗಳಲ್ಲಿ. ಈ ಕಂದಕವನ್ನು ತುಂಬಲು ಊರಿಗೊಂದು ಕರ್ಝೆ ಹಸನ ನಿಧಿ ಸಾಕು. ಇಂದು ಫೀಸು ಕಟ್ಟೋಣ, ಹಣ ಬಂದಾಗ ಆ ಕುಟುಂಬ ಹಿಂತಿರುಗಿಸಲಿ, ಎಲ್ಲವನ್ನೂ ಬರೆದಿಡೋಣ. ಬಡ ವಿದ್ಯಾರ್ಥಿಗೆ ಝಕಾತ್ ಸಲ್ಲುತ್ತದೆ. ಸೂರಃ ತೌಬಾದಲ್ಲಿ ಹೇಳಲಾದ ಫಕೀರರು, ಮಿಸ್ಕೀನರಲ್ಲಿ ಅವನೂ ಸೇರುತ್ತಾನೆ. ಕೇಳಲು ನಾಚುವ, ನೋಡಿದವರಿಗೆ ಅನುಕೂಲಸ್ಥರಂತೆ ಕಾಣುವ ಬಡವರ ಬಗ್ಗೆ ಸೂರಃ ಬಕರಃ ನಮ್ಮ ಗಮನ ಸೆಳೆದಿದೆ. ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಕಾಲೇಜಿಗೆ ಹೋಗುವ ಮಗುವಿನ ಮನೆಯಲ್ಲಿ ಒಲೆ ಉರಿದಿದೆಯೇ ಎಂದು ನಾವೇ ಹುಡುಕಿಕೊಂಡು ಹೋಗಿ ತಿಳಿಯಬೇಕು.

ಹಣ ಕೊಡಲಾಗದವರು ಸಮಯ ಕೊಡಿ. ಕಂಪ್ಯೂಟರ್ ಬಲ್ಲ ನಾಲ್ವರು ಯುವಕರು, ಪದವಿ ಓದಿದ ಇಬ್ಬರು ಸಹೋದರಿಯರು ವಾರದಲ್ಲಿ ಒಂದು ದಿನ ಅಸರ್ ನಂತರ ಒಂದು ಗಂಟೆ ಕುಳಿತು ಅರ್ಜಿ ತುಂಬಿಸಿಕೊಟ್ಟರೆ ಸಾಕು. ನೆರೆಯ ಹಿಂದೂ ಮನೆಯ ಬಡ ಮಗು ಬಂದರೂ ತುಂಬಿಸಿಕೊಡಿ. ಯೂಸುಫ್(ಅ) ಅಳೆದು ಕೊಟ್ಟ ಧಾನ್ಯ ಅವರ ಮನೆಯವರಿಗೆ ಮಾತ್ರ ಆಗಿರಲಿಲ್ಲ. ಇಡೀ ಈಜಿಪ್ಟ್ ಅದರಿಂದ ಬದುಕಿತು.

ಅಲ್ಲಾಹನೇ, ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ಕೊಡು. ನಮ್ಮ ಬರಹದಲ್ಲಿ ಸತ್ಯವನ್ನು, ವ್ಯವಹಾರದಲ್ಲಿ ಅಮಾನತನ್ನು ಕೊಡು. ಸಾಲದ ಭಾರ ಹೊತ್ತವರಿಗೆ ಅದನ್ನು ತೀರಿಸುವ ಶಕ್ತಿ ಕೊಡು. ಉಳ್ಳವರ ಕೈಯನ್ನು ತೆರೆ. ನಮ್ಮ ಊರಿನ ಯಾವ ಮಗುವೂ ಹಣವಿಲ್ಲವೆಂದು ಓದು ಬಿಡದಂತೆ ಮಾಡು. ಆಮೀನ್.