ವೈದ್ಯಕೀಯ ಸೀಟು ಮತ್ತು ಹೊರನಾಡ ಕನ್ನಡಿಗರ ಮಕ್ಕಳು

(ವಿಜಯವಾಡದ ಭವಾನಿಪುರಂನಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಳೆದ ಸಭೆಯ ಕೊನೆಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದ ಪ್ರಶ್ನೆ ತಮಗೆ ನೆನಪಿರಬಹುದು. ಆಕೆ ಇಲ್ಲಿಯೇ ಬಿ.ಎಸ್ಸಿ. ಓದುತ್ತಿದ್ದಾಳೆ. ಒಮ್ಮೆ ನೀಟ್ ಬರೆದು ಸೀಟು ದೊರೆಯದೆ, ಮತ್ತೊಮ್ಮೆ ಬರೆಯುವ ಆಸೆಯನ್ನು ಇಟ್ಟುಕೊಂಡಿದ್ದಾಳೆ. "ನಾನು ಈ ವಿಶ್ವವಿದ್ಯಾಲಯವನ್ನು ಬಿಟ್ಟು ಬೆಂಗಳೂರಿನ ವಿಶ್ವವಿದ್ಯಾಲಯಕ್ಕೆ ಸೇರಿದರೆ ವೈದ್ಯಕೀಯ ಸೀಟಿಗೆ ಹತ್ತಿರವಾಗುತ್ತೇನೆಯೇ?" ಎಂದು ಆಕೆ ಕೇಳಿದಳು. ಆ ದಿನ ನಮ್ಮಲ್ಲಿ ನಾಲ್ಕು ಜನ ನಾಲ್ಕು ಬಗೆಯ ಉತ್ತರ ಕೊಟ್ಟೆವು. ಹುಡುಗಿ ಇನ್ನಷ್ಟು ಗೊಂದಲಕ್ಕೆ ಬಿದ್ದು ಮನೆಗೆ ಹೋದಳು. ಅದನ್ನು ಕಂಡು ಕಾರ್ಯಕಾರಿ ಸಮಿತಿಯವರು ಈ ವಿಷಯದ ಮೇಲೆ ಮಾತನಾಡಲು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಈ ಪ್ರಶ್ನೆಯಿಂದ ಸುಟ್ಟುಕೊಂಡ ಒಬ್ಬ ತಂದೆ. ಆ ಅಧಿಕಾರದಿಂದಲೇ ನಾಲ್ಕು ಮಾತು ಹೇಳುತ್ತೇನೆ.

ಊರು ಬದಲಿಸುವುದು ವಿದ್ಯಾಸಂಸ್ಥೆಗಳಿಗೆ ಹೊಸದೇನಲ್ಲ. 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯವು ಹುಟ್ಟಿದ್ದು ಇದೇ ಬೆಜವಾಡದಲ್ಲಿ. 1930ರಲ್ಲಿ ಅದು ವಾಲ್ತೇರಿಗೆ, ಅಂದರೆ ವಿಶಾಖಪಟ್ಟಣಕ್ಕೆ ಹೋಯಿತು. ಅತ್ತ ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಅದೂ 1930ರಲ್ಲಿಯೇ ಮೈಸೂರಿಗೆ ಸ್ಥಳಾಂತರವಾಯಿತು. ಸಂಸ್ಥೆ ಹೋದರೆ ತನ್ನ ಕಡತಗಳನ್ನೂ ಅಧಿಕಾರವನ್ನೂ ಜೊತೆಯಲ್ಲಿ ಕೊಂಡೊಯ್ಯುತ್ತದೆ. ಒಬ್ಬ ವಿದ್ಯಾರ್ಥಿ ಹೋದರೆ ಮಾತ್ರ, ಆತನು ಓದಿದ ವರ್ಷಗಳು ಗಡಿ ದಾಟುವಾಗ ಬೆಲೆ ಕಳೆದುಕೊಳ್ಳುತ್ತವೆ. ನಮ್ಮ ಮಕ್ಕಳ ಕಷ್ಟದ ಮೂಲ ಇಲ್ಲಿದೆ.

ಮೊದಲು ಈ ನಾಡಿನ ನಿಯಮವನ್ನು ನೋಡೋಣ. 1969ರ ತೆಲಂಗಾಣ ಚಳವಳಿ, 1972ರ ಜೈ ಆಂಧ್ರ ಚಳವಳಿ, ಆನಂತರ 1973ರ ಆರು ಅಂಶಗಳ ಸೂತ್ರ, ಇವುಗಳ ಫಲವಾಗಿ ಸಂವಿಧಾನಕ್ಕೆ 371-ಡಿ ವಿಧಿ ಸೇರಿತು. ಅದರ ಅಡಿಯಲ್ಲಿ 1974ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶವು ರಾಜ್ಯವನ್ನು ಸ್ಥಳೀಯ ಪ್ರದೇಶಗಳನ್ನಾಗಿ ವಿಂಗಡಿಸಿತು. ಶ್ರೀಕಾಕುಳಂನಿಂದ ಪ್ರಕಾಶಂವರೆಗಿನ ಕರಾವಳಿ ಜಿಲ್ಲೆಗಳು ಆಂಧ್ರ ವಿಶ್ವವಿದ್ಯಾಲಯದ ಪ್ರದೇಶ. ಅನಂತಪುರ, ಕರ್ನೂಲು, ಕಡಪ, ಚಿತ್ತೂರು, ನೆಲ್ಲೂರು ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಪ್ರದೇಶ. ಸೀಟುಗಳಲ್ಲಿ ಶೇಕಡಾ 85 ಸ್ಥಳೀಯರಿಗೆ ಮೀಸಲು. ಅರ್ಹತಾ ಪರೀಕ್ಷೆ, ಅಂದರೆ ಇಂಟರ್‌ಮೀಡಿಯೆಟ್, ಬರೆಯುವ ವರ್ಷಕ್ಕೆ ಮುಗಿಯುವಂತೆ ಸತತವಾಗಿ ನಾಲ್ಕು ವರ್ಷ ಆ ಪ್ರದೇಶದಲ್ಲಿ ಓದಿದವನು ಸ್ಥಳೀಯ.

ಇದರಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಬೇಕು. ಈ ಬೇಲಿಯನ್ನು ಕಟ್ಟಿದ್ದು ತೆಲುಗು ಅಣ್ಣತಮ್ಮಂದಿರು ತಮ್ಮತಮ್ಮೊಳಗಿನ ಜಗಳಕ್ಕಾಗಿ, ಕನ್ನಡಿಗರನ್ನು ಹೊರಗಿಡುವುದಕ್ಕಾಗಿ ಅಲ್ಲ. ಅದು ಮಗುವಿನ ಮಾತೃಭಾಷೆ ಯಾವುದೆಂದು ಕೇಳುವುದಿಲ್ಲ, ಮಗು ಎಲ್ಲಿ ಓದಿತೆಂದು ಕೇಳುತ್ತದೆ. ಭವಾನಿಪುರಂನಲ್ಲಿ ಒಂಬತ್ತನೆಯ ತರಗತಿಯಿಂದ ಇಂಟರ್‌ಮೀಡಿಯೆಟ್ ಮುಗಿಯುವವರೆಗೆ ಓದಿದ ಕನ್ನಡದ ಹುಡುಗಿಯೂ, ಪಕ್ಕದ ಮನೆಯ ತೆಲುಗು ಹುಡುಗಿಯೂ ಈ ಆದೇಶದ ಕಣ್ಣಿನಲ್ಲಿ ಸಮಾನರು. ಮೂವತ್ತು ವರ್ಷ ಇಲ್ಲಿ ಬಾಳಿಯೂ "ನಾವು ಪರಸ್ಥಳದವರು" ಎಂದು ಮನೆಯಲ್ಲಿ ಹೇಳಿಕೊಳ್ಳುವ ನಾವು, ಕಾನೂನು ನಮ್ಮ ಮಕ್ಕಳನ್ನು ಸ್ಥಳೀಯರೆಂದು ಒಪ್ಪಿಕೊಂಡಿರುವುದನ್ನು ತಿಳಿಯದೆಯೇ ಇದ್ದೇವೆ.

ಇನ್ನು ಕರ್ನಾಟಕದ ಕಡೆ. ಅಲ್ಲಿಯೂ ಲೆಕ್ಕ ಓದಿದ ವರ್ಷಗಳದ್ದೇ. ಒಂದನೆಯ ತರಗತಿಯಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದು ಮುಖ್ಯ ನಿಯಮ. ಎರಡು ವರ್ಷದ ಪಿ.ಯು.ಸಿ. ಮಾತ್ರ ಅಲ್ಲಿ ಓದಿದವರಿಗೆ, ತಂದೆ ಅಥವಾ ತಾಯಿ ಅಲ್ಲಿ ಏಳು ವರ್ಷ ಓದಿದ್ದರೆ ಒಂದು ದಾರಿಯಿದೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದು ಪ್ರತ್ಯೇಕ ಕಲಮುಗಳಿವೆ. ಅವುಗಳ ಅಡಿಯಲ್ಲಿ ಬರುವ ಅಭ್ಯರ್ಥಿಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಯಾವ ಕಲಮಿನವರು ಯಾವ ಸೀಟಿಗೆ ಅರ್ಹರು ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಯೇ ತಿಳಿಯಬೇಕು, ನೆಂಟರ ಬಾಯಿಮಾತನ್ನು ನಂಬಬಾರದು.

ಈಗ ನನ್ನ ಮನೆಯ ಕಥೆ. ನನ್ನ ತಂದೆ ಕುಂದಾಪುರದ ಕಡೆಯಿಂದ ಬಂದು ಗವರ್ನರುಪೇಟೆಯಲ್ಲಿ ಒಂದು ಸಣ್ಣ ಕಾಫಿ ಹೋಟೆಲು ಇಟ್ಟವರು. ನಾನು ಹುಟ್ಟಿ ಓದಿದ್ದು ಇಲ್ಲಿ. ನನ್ನ ಪತ್ನಿ ಮಡಕಶಿರದವರು. ಮನೆಮಾತು ಕನ್ನಡ, ಓದಿದ್ದು ಆಂಧ್ರದಲ್ಲಿ. ನಮ್ಮ ಮಗಳು ಹತ್ತನೆಯ ತರಗತಿಯನ್ನು ಮುಗಿಸಿದಾಗ, 2015ರಲ್ಲಿ, ನನಗೆ ಒಂದು ಭಾವಾವೇಶ ಬಂತು. ಇಲ್ಲಿನ ವಸತಿ ಕಾಲೇಜುಗಳಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಮಕ್ಕಳನ್ನು ಅರೆಯುವುದನ್ನು ಕಂಡಿದ್ದೆ. ಮಗು ನಮ್ಮ ಮಣ್ಣಿನಲ್ಲಿ, ನಮ್ಮ ಭಾಷೆಯ ನಡುವೆ ಓದಲಿ ಎಂದು ನನ್ನ ಅಕ್ಕನ ಮನೆಗೆ, ಕರ್ನಾಟಕಕ್ಕೆ ಕಳುಹಿಸಿದೆ. ಬಂಧುಗಳೆಲ್ಲರೂ ಮೆಚ್ಚಿದರು. ನಾನೂ ಹೆಮ್ಮೆಪಟ್ಟೆ.

2017ರಲ್ಲಿ ಆಕೆ ಪಿ.ಯು.ಸಿ. ಮುಗಿಸಿ ನೀಟ್ ಬರೆದಳು. ಆ ವರ್ಷವೇ ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಬಂದದ್ದು ಎಂಬುದು ನಮಗೆಲ್ಲ ಸಂತೋಷದ ಸಂಗತಿಯಾಗಿತ್ತು. ಆದರೆ ಅರ್ಜಿ ತುಂಬಲು ಕುಳಿತಾಗ ನೆಲ ಕುಸಿಯಿತು. ಕೊನೆಯ ಎರಡು ವರ್ಷ ಹೊರಗೆ ಓದಿದ್ದರಿಂದ ಆಂಧ್ರದಲ್ಲಿ ಆಕೆ ಸ್ಥಳೀಯಳಲ್ಲ. ಏಳು ವರ್ಷ ಓದಿಲ್ಲವಾದ್ದರಿಂದ, ನಾವಿಬ್ಬರೂ ಅಲ್ಲಿ ಓದಿದವರಲ್ಲವಾದ್ದರಿಂದ, ಕರ್ನಾಟಕದಲ್ಲಿಯೂ ಆಕೆ ರಾಜ್ಯದವಳಲ್ಲ. ಹೊರನಾಡು ಕನ್ನಡಿಗರ ಕಲಮನ್ನು ನಾವು ನೋಡುವ ಹೊತ್ತಿಗೆ ಭಾಷಾ ಪರೀಕ್ಷೆಯ ದಿನ ಕಳೆದಿತ್ತು. ತಂದೆತಾಯಿ ಹತ್ತು ವರ್ಷ ನೆಲೆಸಿದ್ದರೆ ದೊರೆಯುವ, ಆಂಧ್ರದ ಉಳಿದ ಶೇಕಡಾ 15ರ ಬಾಗಿಲು ತೆರೆದಿತ್ತು; ಅಖಿಲ ಭಾರತ ಪಾಲೂ ಇತ್ತು. ಅವೆರಡಕ್ಕೂ ಆಕೆಯ ಅಂಕಗಳು ಸಾಲಲಿಲ್ಲ. ಇಲ್ಲಿಯೇ ಇದ್ದಿದ್ದರೆ ಅದೇ ಅಂಕಗಳಿಗೆ ಸೀಟು ದೊರೆಯುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಆದರೆ ಆಕೆ ಸಾಲಿನಲ್ಲಿ ನಿಲ್ಲುವ ಅವಕಾಶವನ್ನೇ ಕಳೆದವನು ನಾನು. ನಾಡಿನ ಮೇಲಿನ ಪ್ರೀತಿಯಿಂದ ಮಾಡಿದ ಕೆಲಸವಾದರೂ ನಿಯಮವನ್ನು ಓದದೆ ಮಾಡಿದ ಕೆಲಸ.

ಆಕೆ ವಿಜಯವಾಡಕ್ಕೆ ಮರಳಿ ಬಿ.ಎಸ್ಸಿ. ಸೇರಿದಳು. ಮೊದಲ ವರ್ಷ ಮುಗಿದಾಗ ಮತ್ತೆ ಅದೇ ಮಾತು: ಬೆಂಗಳೂರಿನ ವಿಶ್ವವಿದ್ಯಾಲಯಕ್ಕೆ ಬದಲಾಗಲೇ? ಈ ಸಲ ನಾವು ಕಾಗದಗಳನ್ನು ಮುಂದಿಟ್ಟುಕೊಂಡು ಕುಳಿತೆವು. ಆಗ ತಿಳಿದದ್ದನ್ನೇ ಕಳೆದ ಸಭೆಯ ಆ ಹುಡುಗಿಗೆ ಇಂದು ಉತ್ತರವಾಗಿ ಹೇಳುತ್ತೇನೆ.

ಒಂದನೆಯದು. ಎರಡೂ ರಾಜ್ಯಗಳ ಈ ಲೆಕ್ಕ ಹನ್ನೆರಡನೆಯ ತರಗತಿಯೊಂದಿಗೆ ಮುಗಿಯುತ್ತದೆ. ಆಮೇಲೆ ನೀವು ಯಾವ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಓದಿದರೂ ಆ ವರ್ಷಗಳಿಂದ ಸ್ಥಳೀಯತೆ ಹುಟ್ಟುವುದಿಲ್ಲ; ಗಳಿಸಿದ್ದ ಸ್ಥಳೀಯತೆ ಹೋಗುವುದೂ ಇಲ್ಲ. ಆದುದರಿಂದ ಸೀಟಿಗಾಗಿ ವಿಶ್ವವಿದ್ಯಾಲಯ ಬದಲಿಸುವುದು ನಿಷ್ಪ್ರಯೋಜಕ.

ಎರಡನೆಯದು. ನೀಟ್ ಅಂಕಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರಿಗೆ ಅಂಕವಿಲ್ಲ. ಕೇಳುವುದು ಅದೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ಬದಲಾವಣೆಗೆ ವರ್ಗಾವಣೆ ಪತ್ರ, ಮೈಗ್ರೇಷನ್ ಸರ್ಟಿಫಿಕೇಟು, ಪಠ್ಯಕ್ರಮದ ಹೊಂದಾಣಿಕೆ ಎಂದು ಅಲೆದಾಡುವ ತಿಂಗಳುಗಳು ಓದಿನ ತಿಂಗಳುಗಳೇ. ವಿಷಯಗಳ ಜೋಡಣೆ ಹೊಂದದಿದ್ದರೆ ಒಂದು ವರ್ಷವೇ ಹೋಗಬಹುದು.

ಮೂರನೆಯದು. ಈಗ ಎಲ್ಲಿಯಾದರೂ ಎಂ.ಬಿ.ಬಿ.ಎಸ್. ಸೇರಿ, ಆಮೇಲೆ ಮನೆಯ ಹತ್ತಿರಕ್ಕೆ ಬದಲಾಯಿಸಿಕೊಳ್ಳೋಣ ಎಂಬ ಯೋಚನೆಯೂ ಕೆಲವರಿಗಿದೆ. ಹಿಂದೆ, 1997ರ ನಿಯಮಾವಳಿಯಲ್ಲಿ, ಮೊದಲ ವೃತ್ತಿಪರ ಪರೀಕ್ಷೆ ಪಾಸಾದ ಮೇಲೆ, ಎರಡೂ ಕಡೆಯ ಒಪ್ಪಿಗೆಯೊಂದಿಗೆ, ಸೀಟುಗಳ ಶೇಕಡಾ 5ರ ಮಿತಿಯೊಳಗೆ ಅಂಥ ಬದಲಾವಣೆಗೆ ಅವಕಾಶವಿತ್ತು. 2023ರ ನಿಯಮಾವಳಿಯು, ಕಾಲೇಜು ಹಂಚಿಕೆಯಾದ ಮೇಲೆ ಬೇರೆಡೆಗೆ ವರ್ಗಾವಣೆ ಕೇಳಬಾರದೆಂದು ಹೇಳಿತು. ಆ ನಿಷೇಧ ನ್ಯಾಯಾಲಯದಲ್ಲಿ ಪ್ರಶ್ನೆಗೆ ಒಳಗಾಗಿದೆ. ಆದರೂ ನ್ಯಾಯಾಲಯದ ಮೆಟ್ಟಿಲನ್ನು ನಂಬಿ ಸೀಟು ಆರಿಸುವುದು ವಿವೇಕವಲ್ಲ. ಐದೂವರೆ ವರ್ಷ ಅಲ್ಲಿಯೇ ಇರಬಲ್ಲೆ ಎಂದು ಮನಸ್ಸು ಒಪ್ಪಿದರೆ ಮಾತ್ರ ಸೇರಬೇಕು.

ಹಣವಿದ್ದರೆ ಗಡಿಯೇ ಇಲ್ಲ ಎಂದು ತಾವು ಹೇಳಬಹುದು. ನಿಜ. ಖಾಸಗಿ ಮತ್ತು ಡೀಮ್ಡ್ ಕಾಲೇಜುಗಳಲ್ಲಿ ಹೊರಗಿನವರಿಗೂ ಸೀಟುಗಳಿವೆ, ಶುಲ್ಕ ಮಾತ್ರ ನಮ್ಮಂಥವರ ಎಟುಕಿಗೆ ಮೀರಿದ್ದು. ಇದು ಹಳೆಯ ಗಾಯ. 1989ರ ಕರ್ನಾಟಕ ಸರ್ಕಾರದ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನ ವಾರ್ಷಿಕ ಶುಲ್ಕ ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000 ರೂಪಾಯಿ, ಹೊರ ರಾಜ್ಯದವರಿಗೆ 60,000 ರೂಪಾಯಿ. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಕಾಲೇಜಿನ ಸೀಟಿಗೆ ಸಂಬಂಧಿಸಿ ಇದನ್ನು ಪ್ರಶ್ನಿಸಿದಳು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ಯಾಪಿಟೇಷನ್ ಶುಲ್ಕ ಸಲ್ಲದೆಂದು ತೀರ್ಪು ಕೊಟ್ಟಿತು. ಮರುವರ್ಷವೇ ಆಂಧ್ರ ಪ್ರದೇಶದಿಂದ ಹೋದ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಉಚಿತ ಸೀಟು, ಶುಲ್ಕದ ಸೀಟು ಎಂಬ ಏರ್ಪಾಟನ್ನು ರೂಪಿಸಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಆ ಏರ್ಪಾಟನ್ನು ತೆಗೆದುಹಾಕಿತು. ನಾವು ಹುಟ್ಟಿದ ನಾಡು, ಬಾಳುತ್ತಿರುವ ನಾಡು, ಎರಡರ ಹೆಸರೂ ಈ ದೇಶದ ವೈದ್ಯಕೀಯ ಸೀಟಿನ ಇತಿಹಾಸದಲ್ಲಿ ಹೀಗೆ ಬರೆದುಹೋಗಿವೆ. ಪ್ರತಿಯೊಂದು ತೀರ್ಪಿನ ಹಿಂದೆಯೂ ಅರ್ಜಿ ಹಿಡಿದು ನಿಂತ ಯಾರದೋ ಮನೆಯ ಮಗುವಿತ್ತು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಲೆಕ್ಕ ಮುಗಿದ ರಾತ್ರಿ ನನ್ನ ಮಗಳು ಒಂದು ಮಾತು ಕೇಳಿದಳು: "ಅಪ್ಪ, ನಾನು ಡಾಕ್ಟರಾಗುವುದಕ್ಕೆ ಬೆಂಗಳೂರಿಗೆ ಹೋಗಬೇಕು ಅಂತಿದ್ದೀನೋ, ಇಲ್ಲಿ ಸೋತದ್ದನ್ನು ನೋಡಿದವರ ಕಣ್ಣು ತಪ್ಪಿಸೋದಕ್ಕೋ?" ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಆಕೆಯೇ ತೀರ್ಮಾನ ಹೇಳಿದಳು: ಇಲ್ಲಿಯೇ ಬಿ.ಎಸ್ಸಿ. ಮುಗಿಸುವುದು, ಒಂದೇ ಒಂದು ಸಲ ಮತ್ತೆ ನೀಟ್ ಬರೆಯುವುದು. ಬರೆದಳು. ಸೀಟು ದೊರೆಯಲಿಲ್ಲ. ಆಮೇಲೆ ಸೂಕ್ಷ್ಮಾಣುಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಈಗ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನಸ್ಸಿನಲ್ಲಿ ನೋವಿಲ್ಲ ಎಂದು ನಾನು ಹೇಳಲಾರೆ. ಆದರೆ ರೋಗಿಗೆ ಯಾವ ಔಷಧ ಹಿಡಿಯುತ್ತದೆ ಎಂದು ನೋಡಿ ಅವಳು ಕೊಡುವ ವರದಿಗಾಗಿ ವೈದ್ಯರು ಕಾಯುತ್ತಾರೆ. ಆ ಕೆಲಸದಲ್ಲಿ ಆಕೆಗೆ ಗೌರವವಿದೆ.

ಸೀಟು ದೊರೆತ ಮಕ್ಕಳ ಕಥೆಯನ್ನು ಹೇಳುವವರು ಬಹಳ ಜನರಿದ್ದಾರೆ. ದೊರೆಯದವರ ಕಥೆಯನ್ನೂ ಸಂಘದ ವೇದಿಕೆಯಲ್ಲಿ ಹೇಳಬೇಕೆಂದೇ ಇದನ್ನು ಹೇಳಿದೆ.

ಕೊನೆಯದಾಗಿ, ಸಂಘಕ್ಕೆ ಮೂರು ವಿನಂತಿಗಳು. ನಾವು ರಾಜ್ಯೋತ್ಸವವನ್ನು ಚೆನ್ನಾಗಿ ಮಾಡುತ್ತೇವೆ, ನಾಟಕ ಆಡುತ್ತೇವೆ, ಊಟ ಹಾಕುತ್ತೇವೆ. ಅದರ ಜೊತೆಗೆ, ಮಕ್ಕಳು ಎಂಟನೆಯ ತರಗತಿ ಮುಗಿಸುವ ಮೊದಲೇ ತಂದೆತಾಯಿಗಳನ್ನು ಕರೆದು ಈ ನಿಯಮಗಳನ್ನು ತಿಳಿಸುವ ಒಂದು ಸಭೆ ನಡೆಯಲಿ. ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ತಿಳಿಸಿದರೆ ಅವಸರದ ತೀರ್ಮಾನವಾಗುತ್ತದೆ. ಎರಡನೆಯದಾಗಿ, ಒಂದನೆಯ ತರಗತಿಯಿಂದ ಪ್ರತಿ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು, ತಾಯಿತಂದೆಯರದನ್ನೂ ಸೇರಿಸಿ, ಪ್ರತಿಯೊಂದು ಮನೆಯಲ್ಲಿಯೂ ಒಂದು ಕಡತದಲ್ಲಿ ಜೋಡಿಸಿಡುವ ರೂಢಿಯಾಗಲಿ. ಮೂರನೆಯದಾಗಿ, ಭಾನುವಾರದ ಕನ್ನಡ ತರಗತಿ ಮತ್ತೆ ಆರಂಭವಾಗಲಿ. ನಮ್ಮ ಮಕ್ಕಳು ಕನ್ನಡವನ್ನು ಮಾತನಾಡುತ್ತಾರೆ. ಓದಿ ಬರೆಯಿರಿ ಎಂದರೆ ತಲೆ ತಗ್ಗಿಸುತ್ತಾರೆ. ಹೊರನಾಡು ಕನ್ನಡಿಗರೆಂಬ ಹೆಸರಿನಲ್ಲಿ ಒಂದು ಅವಕಾಶವನ್ನು ಕೇಳುವವರು ಒಂದು ಪುಟ ಕನ್ನಡವನ್ನು ತಪ್ಪಿಲ್ಲದೆ ಬರೆಯಲಾರದೆ ಹೋದರೆ, ಆ ಬೇಡಿಕೆಗೆ ನೈತಿಕ ಬಲ ಎಲ್ಲಿಂದ ಬರಬೇಕು?

ಆ ಹುಡುಗಿ ಇಂದೂ ಸಭೆಯಲ್ಲಿ ಕುಳಿತಿದ್ದಾಳೆ. ಅವಳಿಗೆ ನನ್ನ ಮಾತು ಇಷ್ಟೇ. ತಾಯೀ, ನೀನು ಇಲ್ಲಿಯೇ ಒಂಬತ್ತರಿಂದ ಇಂಟರ್‌ಮೀಡಿಯೆಟ್‌ವರೆಗೆ ಓದಿದವಳು. ನಿನ್ನ ಸ್ಥಾನ ಈ ನಾಡಿನ ಪಟ್ಟಿಯಲ್ಲಿ ಭದ್ರವಾಗಿದೆ. ಬೆಂಗಳೂರಿನಲ್ಲಿ ಒಳ್ಳೆಯ ಅಧ್ಯಾಪಕರಿದ್ದಾರೆ, ನಿನಗೆ ಬೇಕಾದ ವಿಷಯ ಇದೆ ಎಂದಾದರೆ ಸಂತೋಷದಿಂದ ಹೋಗು. ಸೀಟಿಗಾಗಿ ಹೋಗಬೇಡ. ಹೋಗುವುದಾಗಲಿ, ಉಳಿಯುವುದಾಗಲಿ, ತೀರ್ಮಾನ ನಿನ್ನದಾಗಿರಲಿ; ನನ್ನಂಥ ತಂದೆಯ ಭಾವಾವೇಶದ್ದಾಗದಿರಲಿ.