ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ, ವೈದ್ಯೆಯಲ್ಲ. ಓದಿ ತಿಳಿದ ಒಂದು ವಿಷಯವನ್ನು ನಿಮ್ಮ ಮುಂದಿಡುತ್ತೇನೆ. ಹೆಬ್ಬಾಳ, ಯಲಹಂಕ ಅಥವಾ ಮತ್ತಿಕೆರೆಯ ಆಸ್ಪತ್ರೆಯಿಂದ ನಮ್ಮ ವಿದ್ಯಾರಣ್ಯಪುರದ ಮನೆಗೆ ರೋಗಿ ಬಂದರೆ ಕಂಟಕ ಕಳೆಯಿತು ಎಂದುಕೊಳ್ಳುತ್ತೇವೆ. ಆದರೆ ಕಾಲಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆಮೇಲೂ ಹಲವು ವಾರ ಇರುತ್ತದೆ. ಮೂರು ತಿಂಗಳವರೆಗೂ ಎಚ್ಚರ ಬೇಕು. ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ಇದು ಆಪರೇಷನ್ ಆದವರಿಗೆ ಮಾತ್ರ ಬರುವುದೆಂದು ಹಲವರು ತಿಳಿದಿದ್ದಾರೆ. ನ್ಯುಮೋನಿಯಾ, ಹೃದಯ ವೈಫಲ್ಯ, ಪಾರ್ಶ್ವವಾಯು, ಕ್ಯಾನ್ಸರ್ ಇರುವವರಿಗೂ ಬರುತ್ತದೆ. ರಕ್ತದ ಓಟ ನಿಧಾನವಾಗುವುದು, ರಕ್ತನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತ ಬೇಗ ಗಟ್ಟಿಯಾಗುವುದು ಇದರ ಮೂರು ಕಾರಣಗಳು. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಅವರ ಹೆಸರಿನಿಂದ ಇವನ್ನು ಗುರುತಿಸುತ್ತಾರೆ. ಅವರ ಜನ್ಮದಿನವಾದ ಅಕ್ಟೋಬರ್ 13ನ್ನು 2014ರಿಂದ ವಿಶ್ವ ಥ್ರಂಬೋಸಿಸ್ ದಿನವಾಗಿ ಆಚರಿಸಲಾಗುತ್ತಿದೆ.

2008ರಲ್ಲಿ ಭಾರತವೂ ಸೇರಿ 32 ದೇಶಗಳ ಆಸ್ಪತ್ರೆಗಳ ಸಮೀಕ್ಷೆಯೊಂದು ಪ್ರಕಟವಾಯಿತು. ನಮ್ಮ ದೇಶದ ಭಾಗದಲ್ಲಿ, ಅಪಾಯವಿದ್ದ ರೋಗಿಗಳ ಪೈಕಿ ನೂರಕ್ಕೆ 20ಕ್ಕಿಂತ ಕಡಿಮೆ ಜನರಿಗೆ ತಕ್ಕ ಮುಂಜಾಗ್ರತಾ ಚಿಕಿತ್ಸೆ ಸಿಕ್ಕಿತ್ತು. ಹಾಗೆಂದು ಮನೆಗೆ ಬಂದವರೆಲ್ಲರೂ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕೆಂದಲ್ಲ. ಅದರಿಂದ ರಕ್ತಸ್ರಾವದ ಭಯವಿದೆ. ಯಾರಿಗೆ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು, ನಾವು ಕೇಳಬೇಕು.

ನಮ್ಮ ಸಮುದಾಯದವರು ತಿಳಿಯಬೇಕಾದ ಇನ್ನೊಂದು ಮಾತು. ಹೆಪಾರಿನ್ ಚುಚ್ಚುಮದ್ದನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ಇದನ್ನು ಕೇಳಿ ಯಾರೂ ಸುಮ್ಮನೆ ಔಷಧಿ ಬಿಡಬಾರದು. ಫೊಂಡಾಪ್ಯಾರಿನಕ್ಸ್ ಎಂಬ ಕೃತಕ ಚುಚ್ಚುಮದ್ದಿದೆ, ಮಾತ್ರೆಗಳೂ ಇವೆ. ಅವು ತಮಗೆ ಹೊಂದುತ್ತವೆಯೇ ಎಂದು ವೈದ್ಯರನ್ನು ಕೇಳಿ. ಬೇರೆ ದಾರಿಯಿಲ್ಲದೆ ಜೀವ ಉಳಿಸುವ ಅಗತ್ಯ ಬಿದ್ದಾಗ ರಿಯಾಯಿತಿ ಉಂಟೆಂದು ಉಲೆಮಾಗಳು ಹೇಳಿದ್ದಾರೆ.

ವಿದ್ಯಾರ್ಥಿಗಳೇ, ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಓದಬಲ್ಲವರು ನೀವೇ. ಯಾವ ಮಾತ್ರೆ, ಎಷ್ಟು ದಿನ, ಮತ್ತೆ ಯಾವಾಗ ತೋರಿಸಬೇಕು ಎಂಬುದನ್ನು ದಾದಿಗೆ, ನಾನಾಗೆ ಅವರ ಭಾಷೆಯಲ್ಲಿ ಬಿಡಿಸಿ ಹೇಳಿ. "ಆರಾಮಾಗಿ ಮಲಗಿ" ಎಂದು ದಿನವಿಡೀ ಹಾಸಿಗೆಯಲ್ಲೇ ಇರಿಸಬೇಡಿ. ವೈದ್ಯರು ಒಪ್ಪಿದಷ್ಟು ನಡೆಸಿ.

ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ನೋಯ್ದರೆ, ಕೆಮ್ಮಿದಾಗ ರಕ್ತ ಬಂದರೆ, ತಲೆ ತಿರುಗಿ ಬಿದ್ದರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದರೆಂಬುದನ್ನು ಮೊದಲು ಹೇಳಿ.

ಓದು ಬಂದವರಿಂದ ಮನೆಯವರಿಗೆ ಇಷ್ಟು ಉಪಕಾರವಾದರೆ ನಮ್ಮ ಪಾಠ ಸಾರ್ಥಕ.