ಏಪ್ರಿಲ್ ಆರರ ಚೌಕ

ಈ ಉಪನ್ಯಾಸ ಮಾಲೆಯ ಸಂಚಾಲಕರು ಫೋನ್ ಮಾಡಿದಾಗ "ವಿಷಯ ನಿಮ್ಮದು ಸರ್, ತಾರೀಖು ಮಾತ್ರ ನಮ್ಮದು, ಏಪ್ರಿಲ್ 6" ಅಂದರು. ವಿಷಯ ಹುಡುಕುತ್ತ ಎರಡು ದಿನ ಕಳೆದೆ. ಮೂರನೆಯ ದಿನ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಾಗ ಹೊಳೆಯಿತು: ಅವರು ಕೊಟ್ಟ ತಾರೀಖೇ ವಿಷಯ ಯಾಕಾಗಬಾರದು?

ಪತ್ರಿಕೆಯಲ್ಲಿ 'ಇತಿಹಾಸದಲ್ಲಿ ಈ ದಿನ' ಅಂತ ಒಂದು ಮೂಲೆ ಇರುತ್ತದಲ್ಲ, ನನಗೆ ಅದರ ಚಟ. ರಾಶಿಭವಿಷ್ಯ ಆಮೇಲೆ. ಆ ಮೂಲೆಯ ನ್ಯಾಯವೇ ಬೇರೆ. ಯುದ್ಧ, ಹುಟ್ಟುಹಬ್ಬ, ಸಿಕ್ಸರು ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತವೆ. ಏಪ್ರಿಲ್ 6ರ ಪಂಕ್ತಿ ನೋಡಿ: 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. 1928ರಲ್ಲಿ ಡಿಎನ್ಎ ರಚನೆ ಬಿಡಿಸಿದವರಲ್ಲೊಬ್ಬನಾದ ಜೇಮ್ಸ್ ವಾಟ್ಸನ್, 1931ರಲ್ಲಿ ನಟಿ ಸುಚಿತ್ರಾ ಸೇನ್ ಹುಟ್ಟಿದರು. 1980ರಲ್ಲಿ ಭಾರತೀಯ ಜನತಾ ಪಕ್ಷ ಹುಟ್ಟಿತು. ಇನ್ನೊಬ್ಬರು ನಮಗೆ ಸ್ವಲ್ಪ ಹತ್ತಿರದವರು, ದಿಲೀಪ್ ವೆಂಗಸರ್ಕಾರ್. 1956ರ ಏಪ್ರಿಲ್ 6ರಂದು ಘಟ್ಟದ ಕೆಳಗಿನ ರಾಜಾಪುರದಲ್ಲಿ ಹುಟ್ಟಿದವರು. ಲಾರ್ಡ್ಸ್ ಮೈದಾನದಲ್ಲಿ 1979, 1982, 1986, ಹೀಗೆ ಮೂರು ಟೆಸ್ಟ್‌ಗಳಲ್ಲೂ ನೂರು ಹೊಡೆದ ಮನುಷ್ಯ. ಆ ಕೂಸಿಗೆ ಏಳು ತಿಂಗಳು ತುಂಬುವುದರೊಳಗೆ, ಅದೇ ವರ್ಷ ನವೆಂಬರ್ 1ಕ್ಕೆ, ನಾವು ಕೂತಿರುವ ಈ ನೆಲ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಚಂದಗಡ ಒಂದನ್ನು ಆಚೆ ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಈಚೆ ಸೇರಿತು.

ಆಟದ ಮಾತು ಬಂತು, ಒಂದು ತಮಾಷೆ ಹೇಳಿಬಿಡುತ್ತೇನೆ. ಆಧುನಿಕ ಒಲಿಂಪಿಕ್ಸ್ ಅಥೆನ್ಸಿನಲ್ಲಿ ಶುರುವಾಗಿದ್ದು 1896ರ ಏಪ್ರಿಲ್ 6ರಂದು. ಅವತ್ತೇ ಜೇಮ್ಸ್ ಕನೊಲಿ ಎಂಬ ಅಮೆರಿಕದ ಹುಡುಗ ತ್ರಿವಿಧ ಜಿಗಿತ ಗೆದ್ದು ಮೊದಲ ಚಾಂಪಿಯನ್ ಆದ. ಆದರೆ ಅವತ್ತು ಅಥೆನ್ಸಿನ ಗೋಡೆಗಳ ಮೇಲೆ ಏಪ್ರಿಲ್ 6 ಇರಲೇ ಇಲ್ಲ! ಗ್ರೀಕರು ಇನ್ನೂ ಹಳೆಯ ಜೂಲಿಯನ್ ಪಂಚಾಂಗದಲ್ಲಿದ್ದರು. ಅವರ ಲೆಕ್ಕದಲ್ಲಿ ಅದು ಮಾರ್ಚ್ 25, ಅವರ ಸ್ವಾತಂತ್ರ್ಯ ದಿನ. ಕ್ರೀಡೆಗೆ ಆ ದಿನ ಆರಿಸಿದ್ದೂ ಬೇಕೆಂದೇ. ನಾವು ಏಪ್ರಿಲ್ 6 ಅಂತ ಬಾಯಿಪಾಠ ಮಾಡುವ ದಿನವನ್ನು ಅಲ್ಲಿ ನೆರೆದಿದ್ದ ಗ್ರೀಕನೊಬ್ಬನಿಗೆ ಹೇಳಿದ್ದರೆ "ಇನ್ನೂ ಹನ್ನೆರಡು ದಿನ ಅದಪ್ಪಾ" ಅನ್ನುತ್ತಿದ್ದ.

ನಕ್ಕಿರಿ. ಆದರೆ ನಮ್ಮ ಚಿಕ್ಕೋಡಿ ಭಾಗದ ಐದು ತಾಲ್ಲೂಕುಗಳಲ್ಲಿ ದಿನದ ಲೆಕ್ಕ ಇದಕ್ಕಿಂತ ಸರಳವಾಗಿದೆಯೇ? ನಮ್ಮ ಮನೆಯಲ್ಲಿ ಎರಡು ಕ್ಯಾಲೆಂಡರ್ ಇವೆ, ಅಡುಗೆಮನೆಯಲ್ಲಿ ಮರಾಠಿ 'ಕಾಲನಿರ್ಣಯ', ಪಡಸಾಲೆಯಲ್ಲಿ ಕನ್ನಡದ್ದು. ನನ್ನ ಅಜ್ಜಿಗೆ ಎರಡೂ ಬೇಡವಾಗಿದ್ದವು. ಯಾರು ಯಾವಾಗ ಹುಟ್ಟಿದರು ಅಂತ ಕೇಳಿದರೆ "ಚಿಂಚಲಿ ಮಾಯಕ್ಕನ ಜಾತ್ರಿ ಮುಗದು ಎಂಟ ದಿನಕ್ಕ" ಅನ್ನುತ್ತಿದ್ದಳು. ಜಾತ್ರೆ ಮಾಘದ ಹುಣ್ಣಿಮೆಗೆ. ಇಂಗ್ಲಿಷ್ ತಾರೀಖಿನಲ್ಲಿ ಅದು ಒಂದು ವರ್ಷ ಜನವರಿ ಕೊನೆ, ಇನ್ನೊಂದು ವರ್ಷ ಫೆಬ್ರುವರಿ. ಹೀಗಾಗಿ ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬೆರಳು ಮಡಚಿ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಈ ಸಭೆಯಲ್ಲಿ ಅರವತ್ತು ದಾಟಿದವರು ಆಧಾರ್ ಕಾರ್ಡ್ ತೆಗೆದು ನೋಡಿಕೊಳ್ಳಿ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಅತಿ ದೊಡ್ಡ ಹುಟ್ಟುಹಬ್ಬ ಜೂನ್ 1ರದ್ದೇ, ಅದರಲ್ಲಿ ನನ್ನದೂ ಒಂದು.

ಕಲ್ಲು ಕೆತ್ತಿಸಿದವರು ಮಾತ್ರ ಹೀಗೆ ಮಾಡಲಿಲ್ಲ. ಹೂವಿನ ಬಾಗೆ ಅಂತ ಕರೆಸಿಕೊಳ್ಳುತ್ತಿದ್ದ ನಮ್ಮ ರಾಯಬಾಗದಲ್ಲಿ ರಟ್ಟ ಅರಸರ ಕಾಲದ ಶಾಸನ ಇದೆ. ಆ ಕಾಲದ ದಾನಶಾಸನ ಯಾವುದೇ ತೆಗೆದುಕೊಳ್ಳಿ, ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಇರುತ್ತವೆ. ದಾನದ ಹೊಲಕ್ಕೆ ಎಲ್ಲೆ ಹೇಳಿದಷ್ಟೇ ಜಾಗ್ರತೆಯಿಂದ ಕಾಲಕ್ಕೂ ಎಲ್ಲೆ ಹಾಕುತ್ತಿದ್ದರು. ನಾಳೆ ಯಾರಾದರೂ ತಕರಾರು ತೆಗೆದಾರು ಅನ್ನುವ ಭಯ ಇದ್ದಲ್ಲಿ ತಾರೀಖು ಖಚಿತವಾಗಿರುತ್ತದೆ. ಹತ್ತಿರದ ಕಾಲಕ್ಕೆ ಬಂದರೆ, ಸದಲಗಾದಲ್ಲಿ ಹುಟ್ಟಿದ ಇಬ್ಬರನ್ನು ನೋಡಿ. ಪ್ರಾಕೃತ ವಿದ್ವಾಂಸ ಆ.ನೇ. ಉಪಾಧ್ಯೆ ಅವರನ್ನು ನಾವು ತಾರೀಖಿನಿಂದ ನೆನೆಯುತ್ತೇವೆ, 1906ರ ಫೆಬ್ರುವರಿ 6. ಜೈನಾಚಾರ್ಯ ವಿದ್ಯಾಸಾಗರರನ್ನು ಭಕ್ತರು ನೆನೆಯುವುದು ಶರದ್ ಪೂರ್ಣಿಮೆಯಿಂದ. 1946ರ ಅಕ್ಟೋಬರ್ 10 ಅನ್ನುವುದು ಆಮೇಲಿನ ಮಾತು. ಊರು ಒಂದೇ, ಕಾಲದ ಅಳತೆಗೋಲು ಎರಡು.

ಇನ್ನು ಏಪ್ರಿಲ್ 6ಕ್ಕೆ ಬರೋಣ. ಕೆಲವು ದಿನಗಳನ್ನು ಮನುಷ್ಯರು ಆರಿಸುತ್ತಾರೆ. ಗಾಂಧೀಜಿ 1930ರ ಏಪ್ರಿಲ್ 5ಕ್ಕೇ ದಂಡಿ ತಲುಪಿದ್ದರು. ಉಪ್ಪು ಅಲ್ಲೇ ಇತ್ತು, ಸಮುದ್ರವೂ ಇತ್ತು, ಆದರೂ ಒಂದು ರಾತ್ರಿ ಕಾದರು. ಯಾಕೆಂದರೆ 1919ರ ಏಪ್ರಿಲ್ 6ರಂದು ರೌಲಟ್ ಕಾಯ್ದೆಯ ವಿರುದ್ಧ ದೇಶದಲ್ಲಿ ಹರತಾಳ ನಡೆದಿತ್ತು. 13ಕ್ಕೆ ಜಲಿಯನ್‌ವಾಲಾ ಬಾಗ್. ಆ 6ರಿಂದ 13ರವರೆಗಿನ ವಾರವನ್ನು ರಾಷ್ಟ್ರೀಯ ಸಪ್ತಾಹವೆಂದು ಆಚರಿಸುತ್ತ ಬಂದಿದ್ದರು. ಆ ಹಳೆಯ ದಿನದ ಮೇಲೆ ಹೊಸ ದಿನವನ್ನು ಕಟ್ಟಬೇಕಿತ್ತು ಅವರಿಗೆ. ಅವರ ಜೊತೆ ನಡೆದವರಲ್ಲಿ ನಮ್ಮ ಮೈಲಾರ ಮಹಾದೇವಪ್ಪ ಇದ್ದರು. ಆ ಗಾಂಧೀಜಿ ನಮ್ಮ ನಿಪ್ಪಾಣಿಯಲ್ಲೂ ಉಳಿದವರೇ. 1927ರ ಮಾರ್ಚ್ ಕೊನೆಗೆ ಕೊಲ್ಹಾಪುರದಲ್ಲಿ ಸಭೆ ಮೇಲೆ ಸಭೆ ಮಾಡಿ ಆರೋಗ್ಯ ಕೆಟ್ಟಾಗ ವಿಶ್ರಾಂತಿಗೆ ತಂಗಿದ್ದು ಅಲ್ಲಿ. ಮುಂದೆ ಅಂಬೋಲಿ, ಆಮೇಲೆ ನಂದಿಬೆಟ್ಟ.

ಇನ್ನು ಕೆಲವು ದಿನಗಳು ಮನುಷ್ಯರ ಮೇಲೆ ಬಂದು ಬೀಳುತ್ತವೆ. 1981ರ ಏಪ್ರಿಲ್ 6, ನಿಪ್ಪಾಣಿ. ನಾನು ಇಷ್ಟು ಸುತ್ತು ಹಾಕಿದ್ದು ಈ ಒಂದು ದಿನಕ್ಕೆ ಬರುವುದಕ್ಕಾಗಿಯೇ.

ಆ ದಿನದ ಕಥೆ ತಂಬಾಕಿನಿಂದ ಶುರು. ತಂಬಾಕು ಬೆಳೆದವರು ಇಲ್ಲಿದ್ದೀರಿ, ನಿಮಗೆ ಗೊತ್ತಿದ್ದದ್ದನ್ನೇ ಹೇಳುತ್ತೇನೆ, ಹುಡುಗರಿಗೋಸ್ಕರ. ಮುಂಗಾರಿನಲ್ಲಿ ಮಡಿಗೆ ಬೀಜ. ಶ್ರಾವಣದ ಹೊತ್ತಿಗೆ ಹೊಲಕ್ಕೆ ಸಸಿ. ಆಮೇಲೆ ಕುಡಿ ಮುರಿಯಬೇಕು, ಎಲೆಯ ಸಂದಿನಲ್ಲಿ ಒಡೆಯುವ ಕವಲನ್ನು ಮತ್ತೆ ಮತ್ತೆ ಕೀಳಬೇಕು. ಆವಾಗ ಎಲೆ ದಪ್ಪ ಆಗುತ್ತದೆ, ಖಾರ ಕೂಡುತ್ತದೆ. ಕೈಗೆ ಅಂಟಿದ ಕಸರು ಸಾಬೂನಿಗೂ ಬಿಡುವುದಿಲ್ಲ. ಸಂಕ್ರಾಂತಿ ಆಸುಪಾಸಿಗೆ ಕಟಾವು, ಬಿಸಿಲಿಗೆ ಒಣಗಿಸುವುದು. ಒಣಗಿದ್ದನ್ನು ಎತ್ತುವುದು ನಸುಕಿನಲ್ಲಿ, ಇಬ್ಬನಿಗೆ ಎಲೆ ಮೆತ್ತಗಾದಾಗ, ಬಿಸಿಲೇರಿದರೆ ಪುಡಿಪುಡಿ. ಇಷ್ಟೆಲ್ಲ ಆಗಿ ಮಾಲು ಮಾರಾಟಕ್ಕೆ ಸಿದ್ಧ ಆಗುವುದು ಫೆಬ್ರುವರಿ, ಮಾರ್ಚಿಗೆ.

ಕಷ್ಟ ಶುರುವಾಗುವುದು ಅಲ್ಲಿ. ಜೋಳ ಮಾರಲಿಲ್ಲ ಅಂದರೆ ರೊಟ್ಟಿ ಬಡಿದು ತಿನ್ನಬಹುದು. ತಂಬಾಕು ಮಾರಲಿಲ್ಲ ಅಂದರೆ? ಕೊಳ್ಳುವವರು ನಿಪ್ಪಾಣಿಯ ಬೆರಳೆಣಿಕೆಯ ವ್ಯಾಪಾರಿಗಳು. ವಖಾರಿ ಅವರದು, ತಕ್ಕಡಿ ಅವರದು, ದರವೂ ಅವರ ಬಾಯಿಂದ ಬಂದದ್ದೇ. ಹಸಿ ಇದೆ ಅಂತ ಒಂದಿಷ್ಟು ಮುರಿದುಕೊಳ್ಳುವುದು, ಧೂಳು ಇದೆ ಅಂತ ಇನ್ನೊಂದಿಷ್ಟು. ಉಳಿದದ್ದಕ್ಕೆ ರೊಕ್ಕ ಉದ್ರಿ, ಕಂತು ಕಂತಾಗಿ ತಿಂಗಳುಗಟ್ಟಲೆ. ರೈತ ತನ್ನದೇ ಹಣಕ್ಕೆ ವಖಾರಿಯ ಬಾಗಿಲಲ್ಲಿ ಚಪ್ಪಲಿ ಕಳಚಿ ನಿಲ್ಲಬೇಕಿತ್ತು. ಅದೇ ವಖಾರಿಗಳ ಒಳಗೆ ಹೆಂಗಸರು ಇಡೀ ದಿನ ತಂಬಾಕಿನ ಧೂಳಿನಲ್ಲಿ ಚಾಳಿಸುತ್ತಿದ್ದರು. ಆ ಹೆಂಗಸರು ಸಂಘ ಕಟ್ಟಿದ ಕಥೆಯನ್ನು 'ಯುಗಾಂತರ್' ಎಂಬ ಮಹಿಳೆಯರ ತಂಡ, ದೀಪಾ ಧನರಾಜ್ ನಿರ್ದೇಶನದಲ್ಲಿ, 1982ರಲ್ಲಿ ಸಾಕ್ಷ್ಯಚಿತ್ರ ಮಾಡಿದೆ. ನಿಪ್ಪಾಣಿಯ ಮಕ್ಕಳಿಗೆ ಅದನ್ನು ಒಮ್ಮೆಯಾದರೂ ತೋರಿಸಬೇಕು. ಅವರ ಅಜ್ಜಿಯರು ಅದರಲ್ಲಿದ್ದಾರು.

1981ರ ಮಾರ್ಚ್ 14ಕ್ಕೆ ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಮುಂದಾಳು ಶೇತಕರಿ ಸಂಘಟನೆಯ ಶರದ್ ಜೋಶಿ. ಸ್ವಿಟ್ಜರ್ಲೆಂಡಿನಲ್ಲಿ ಅಂತಾರಾಷ್ಟ್ರೀಯ ಅಂಚೆ ಒಕ್ಕೂಟದ ನೌಕರಿ ಬಿಟ್ಟು ಬಂದು ಚಾಕಣದಲ್ಲಿ ಉಳ್ಳಾಗಡ್ಡಿ ರೈತರನ್ನು ಕಟ್ಟಿದ್ದವರು. ಸ್ಥಳೀಯವಾಗಿ ಪ್ರೊ. ಸುಭಾಷ್ ಜೋಶಿ, ಮುಂದೆ ನಿಪ್ಪಾಣಿಯ ಶಾಸಕರೂ ಆದರು. ಸಾವಿರಾರು ಜನ, ಎತ್ತು, ಬಂಡಿ, ಒಲೆ, ಹಾಸಿಗೆ. ಹೆದ್ದಾರಿಯೇ ಒಂದು ಊರಾಯಿತು, ಅದಕ್ಕೆ ಆಂದೋಲನ ನಗರ ಅಂತ ಹೆಸರೂ ಬಿತ್ತು. ಕನ್ನಡ ಮಾತಾಡುವವರೂ ಮರಾಠಿ ಮಾತಾಡುವವರೂ ಒಂದೇ ಡಾಂಬರಿನ ಮೇಲೆ ಮಲಗಿದರು. ಗಡಿ ಯಾರದು ಅನ್ನುವ ಪ್ರಶ್ನೆ ಆಗ ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದಿತ್ತು. ಮಾತು ತಂಬಾಕಿನ ದರದ್ದು.

ಇಪ್ಪತ್ತನಾಲ್ಕನೆಯ ದಿನ ಏಪ್ರಿಲ್ 6. ಪೊಲೀಸರು ರಸ್ತೆ ಬಿಡಿಸಲು ಬಂದರು. ಗುಂಡು ಹಾರಿತು. 12 ರೈತರು ಸತ್ತರು.

ಇಲ್ಲಿ ನನ್ನದೊಂದು ತಕರಾರಿದೆ. ಇದಕ್ಕೆ ಎಂಟೂವರೆ ತಿಂಗಳು ಮುಂಚೆ, 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನರಗುಂದ, ನವಲಗುಂದದಲ್ಲಿ ರೈತರು ಎದ್ದಿದ್ದರು. ಅಲ್ಲೂ ಗುಂಡು. ಎರಡೂ ಸಲ ಗುಂಡೂರಾಯರ ಸರ್ಕಾರವೇ. ಜುಲೈ 21 ಕರ್ನಾಟಕದಲ್ಲಿ ರೈತ ಹುತಾತ್ಮ ದಿನ ಆಯಿತು. ಸರಿ, ಆಗಬೇಕಾದ್ದೇ. ಪ್ರತಿ ವರ್ಷ ನರಗುಂದದ ವೀರಗಲ್ಲಿಗೆ ಹಾರ ಬೀಳುತ್ತದೆ, ಕನ್ನಡ ಪತ್ರಿಕೆಗಳಲ್ಲಿ ಲೇಖನ ಬರುತ್ತದೆ, ರೈತಸಂಘ ಹುಟ್ಟಿದ ಕಥೆ ಅಲ್ಲಿಂದಲೇ ಆರಂಭ. ಆದರೆ ಅದೇ ರಾಜ್ಯದಲ್ಲಿ, ಅದೇ ಸರ್ಕಾರದ ಕೈಯಲ್ಲಿ, ಹೆಚ್ಚು ಜನ ಸತ್ತ ನಿಪ್ಪಾಣಿ ಆ ಕಥೆಯಲ್ಲಿ ಒಂದು ಸಾಲು. ಕೆಲವೊಮ್ಮೆ ಅದೂ ಇಲ್ಲ.

ಯಾಕೆ ಅಂತ ಯೋಚಿಸಿದರೆ ನನಗೆ ಕಾಣುವುದು ಇದು. ಚಳವಳಿಯ ಭಾಷಣ ಮರಾಠಿಯಲ್ಲಿತ್ತು, ಕರಪತ್ರ ಮರಾಠಿಯಲ್ಲಿತ್ತು, ಆಮೇಲೆ ಬಂದ ಬರಹವೂ ಹೆಚ್ಚಾಗಿ ಮರಾಠಿಯಲ್ಲೇ. 1967ರ ಮಹಾಜನ್ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಲು ಶಿಫಾರಸು ಮಾಡಿತ್ತು. ಹೀಗಾಗಿ ನಿಪ್ಪಾಣಿ ಅಂದ ಕೂಡಲೇ ಬೆಂಗಳೂರಿಗೆ ಗಡಿ ನೆನಪಾಗುತ್ತದೆ, ರೈತ ನೆನಪಾಗುವುದಿಲ್ಲ. ಆ ಕಡೆ ಪುಣೆಯವರಿಗೆ ಅದು ಶೇತಕರಿ ಸಂಘಟನೆಯ ಚರಿತ್ರೆಯ ಒಂದು ಅಧ್ಯಾಯ. ಸತ್ತದ್ದು ಕರ್ನಾಟಕದ ಪ್ರಜೆಗಳು ಅನ್ನುವುದು ಅಲ್ಲಿ ಅಡಿಟಿಪ್ಪಣಿ. ಹನ್ನೆರಡು ಹೆಣಗಳು ಎರಡು ಭಾಷೆಗಳ ಬಾಂದಿನ ಮೇಲೆ ಬಿದ್ದಿವೆ. ಎರಡೂ ಹೊಲದವರು ನಮ್ಮದಲ್ಲ ಅನ್ನುವ ಹಾಗೆ.

ತಂಬಾಕು ಕೆಟ್ಟ ಬೆಳೆ, ಅದಕ್ಕೆ ಯಾಕೆ ಅಳಬೇಕು ಅಂತ ನನ್ನ ಮಗಳು ಕೇಳಿದಳು. ವೈದ್ಯಕೀಯ ಓದಿದವಳು, ಅವಳ ಮಾತು ತೆಗೆದುಹಾಕಲಾರೆ. ಬೆಳೆ ಬಿಡಬೇಕು ಅನ್ನುವುದು ಬೇರೆ, ಬೆಳೆದವನ ರೊಕ್ಕ ಕೊಡಬೇಕು ಅನ್ನುವುದು ಬೇರೆ ಅಂದೆ. ಅವಳು ಪೂರ್ತಿ ಒಪ್ಪಲಿಲ್ಲ.

ಇನ್ನು ನಿಪ್ಪಾಣಿಯ ಏಪ್ರಿಲ್ ಇದೊಂದೇ ಅಲ್ಲ. 1925ರ ಏಪ್ರಿಲ್ 11ರಂದು, ಅದೇ ರಾಷ್ಟ್ರೀಯ ಸಪ್ತಾಹದ ನಡುವೆ, ಅಂಬೇಡ್ಕರ್ ನಿಪ್ಪಾಣಿಯಲ್ಲಿದ್ದರು. ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಅವರಿಗೆ ಮೂವತ್ತನಾಲ್ಕು ತುಂಬಲು ಮೂರು ದಿನ ಬಾಕಿ. ಅವತ್ತು ಮಹಾತ್ಮ ಫುಲೆಯವರ ಜನ್ಮದಿನವೂ ಹೌದು. ಅಂಬೇಡ್ಕರ್ ಭೇಟಿಯ ನೂರನೆಯ ವರ್ಷವನ್ನು 2025ರಲ್ಲಿ ದೊಡ್ಡದಾಗಿ ಮಾಡಿದರು. ಬೆಂಗಳೂರಿನಿಂದ ಜಾಥಾ ಬಂತು. ನೂರು ವರ್ಷ ಆದ ಮೇಲೆ ನೆನಪಾಯಿತು, ಆಗಲಿ. ಆ ಲೆಕ್ಕ ಹಿಡಿದರೆ ತಂಬಾಕು ರೈತರ ಸರದಿ 2081ಕ್ಕೆ.

ಅಷ್ಟು ದಿನ ಕಾಯುವ ವಯಸ್ಸು ನನಗಿಲ್ಲ. ಆ 24 ದಿನಗಳಲ್ಲಿ ಒಂದು ದಿನವಾದರೂ ರಸ್ತೆಯ ಮೇಲೆ ಕೂತವರು, ಬುತ್ತಿ ಒಯ್ದವರು, ಲಾರಿಯಲ್ಲಿ ಸಿಕ್ಕಿಬಿದ್ದವರು ಈ ಸಭೆಯಲ್ಲಿ ಇದ್ದೇ ಇರುತ್ತಾರೆ. ಸಂಚಾಲಕರು ನನಗೆ ಇನ್ನೂ ಹದಿನೈದು ನಿಮಿಷ ಕೊಟ್ಟಿದ್ದಾರೆ. ಅದು ನಿಮ್ಮದು. ಕನ್ನಡದಾಗ ಹೇಳ್ರಿ, ಮರಾಠಿಯಾಗ ಹೇಳ್ರಿ, ಬರಕೊಳ್ಳಾಕ ಇಬ್ಬರು ಹುಡುಗರು ವಹಿ ಹಿಡಿದು ಕುಂತಾರ. ಮೈಕ್ ಕೆಳಗ ತರತೇನಿ. ಮೊದಲು ಯಾರು?